ಅಪ್‌ಡೇಟ್: ಅಡಿಟಿಪ್ಪಣಿಗಳ ಸಂಖ್ಯೆಗಳು ಈಗ ಸರಿಹೋಗಿವೆ

ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಪ್ರಬಂಧದ ನಡುವೆ ಹೊಸ ಅಡಿಟಿಪ್ಪಣಿ ಸೇರಿಸಿದಾಗ, ಇತರ ಟಿಪ್ಪಣಿಗಳಲ್ಲಿ ಬರುವ ‘ನೋಡಿ: ಟಿಪ್ಪಣಿ 12’ ಎಂಬಂಥ ಸೂಚನೆಗಳು ಹಳೆಯ ಸಂಖ್ಯೆಯಲ್ಲೇ ಉಳಿಯುತ್ತವೆ, ಏನು ಮಾಡಬೇಕು ಎಂದು ಕೇಳಿದ್ದೆ. ಉತ್ತರಿಸಿದವರೆಲ್ಲರಿಗೂ ವಂದನೆಗಳು.

ಸಂಖ್ಯೆಯನ್ನು ಕೈಯಿಂದ ಟೈಪ್ ಮಾಡದೆ, ವರ್ಡ್‌ನ ರೆಫರೆನ್ಸಸ್ ಟ್ಯಾಬ್‌ನಲ್ಲಿರುವ ಕ್ರಾಸ್-ರೆಫರೆನ್ಸ್ ಮೂಲಕ ಸೇರಿಸಿದರೆ ಅದು ಫೀಲ್ಡ್ (ವರ್ಡ್ ತಾನೇ ಲೆಕ್ಕಹಾಕಿ ತುಂಬುವ ಜಾಗ) ಆಗಿ ಕೂರುತ್ತದೆ, ಆಯ್ಕೆಮಾಡಿ ಎಫ್9 ಒತ್ತಿದಾಗ ಹೊಸ ಸಂಖ್ಯೆಗೆ ಬದಲಾಗುತ್ತದೆ. ಆದರೆ ಎಲ್ಲವನ್ನೂ ಆಯ್ಕೆಮಾಡಲು ಮುಖ್ಯ ಪಠ್ಯದಲ್ಲಿ ಕಂಟ್ರೋಲ್-ಎ ಒತ್ತಿದರೆ ಅಡಿಟಿಪ್ಪಣಿಗಳು ಆಯ್ಕೆಯಾಗುವುದಿಲ್ಲವಾದ್ದರಿಂದ, ಯಾವುದಾದರೊಂದು ಟಿಪ್ಪಣಿಯೊಳಗೆ ಕರ್ಸರ್ ಇಟ್ಟು ಕಂಟ್ರೋಲ್-ಎ, ನಂತರ ಎಫ್9 ಮತ್ತೊಮ್ಮೆ ಒತ್ತಬೇಕು. ಇದನ್ನು ಯಾವ ಮೆನುವೂ ಹೇಳುವುದಿಲ್ಲ.

ಇನ್ನೊಂದು ಮಾತು: ಗ್ರಂಥಸೂಚಿಯಲ್ಲಿ ನಮ್ಮ ಲೇಖಕರ ಹೆಸರು ಹಿಂದುಮುಂದಾಗದಿರಲು, ಮೂಲದ ವಿವರ ತುಂಬುವಾಗ ‘ಕಾರ್ಪೊರೇಟ್ ಆಥರ್’ ಚೌಕದಲ್ಲಿ ಹೆಸರನ್ನು ಇಡಿಯಾಗಿ ಬರೆಯುವುದೇ ನನಗೆ ಹೊಂದಿದ ಉಪಾಯ.