ವಾಷಿಂಗ್ಟನ್ ಕಾಲದ ನೀರ್‌ಗಿರಣಿ ನೋಡೋಕೆ ಅಪ್ಪ ಅಮ್ಮನ್ನ ಕರ್ಕೊಂಡು ಹೋಗ್ಬೋದಾ? ಹೋದವ್ರು ಅನುಭವ ಹೇಳಿ

ಮಲ್ಲಿಗೆ_ವಿಎ
ಎಲ್ರಿಗೂ ನಮಸ್ಕಾರ. ಅಪ್ಪ ಅಮ್ಮ ಬಂದಿದಾರೆ, ಆಗಸ್ಟ್ ಕೊನೆವರೆಗೂ ಇರ್ತಾರೆ. ವಾಷಿಂಗ್ಟನ್ ಡಿಸಿ ಮ್ಯೂಸಿಯಂ, ಸ್ಮಾರಕ ಎಲ್ಲ ತಿರುಗಿ ಆಯ್ತು, ಅಪ್ಪಂಗೆ ಈಗ ಬೇಜಾರು ಹತ್ತಿದೆ. ಅಧ್ಯಕ್ಷ ಆಗಿದ್ದ ಜಾರ್ಜ್ ವಾಷಿಂಗ್ಟನ್ ಎಸ್ಟೇಟ್ ಮೌಂಟ್ ವರ್ನನ್ ಇದೆಯಲ್ಲ, ಅದ್ರ ಹತ್ರ ಅವ್ನದೇ ನೀರಲ್ಲಿ ನಡೆಯೋ ಹಿಟ್ಟಿನ ಗಿರಣಿ ಮತ್ತೆ ಕಟ್ಟಿದಾರಂತಲ್ಲ, ಅಲ್ಲಿಗೆ ಹೋಗೋಣ ಅಂತ. ಅಪ್ಪಂಗೆ ಮಂಡಿ ನೋವು, ಮಗಂಗೆ ಏಳು ವರ್ಷ. ಚಕ್ರ ತಿರುಗೋದು, ಹಿಟ್ಟು ಬೀಳೋದು ನಿಜವಾಗ್ಲೂ ಕಾಣುತ್ತಾ ಅಥವಾ ಬೋರ್ಡ್ ಓದ್ಕೊಂಡು ಬರೋದಾ?

ಗೇರ್‌ಬಾಕ್ಸ್
ಕಣ್ಮುಚ್ಚಿ ಹೋಗಿ. ನಾನು ಮೆಕ್ಯಾನಿಕಲ್ ಓದಿದವನು, ಇಪ್ಪತ್ತು ವರ್ಷದಿಂದ ಸಾಫ್ಟ್‌ವೇರಲ್ಲಿ ಕೊಳೀತಿದೀನಿ, ಅವತ್ತು ಆ ಕಟ್ಟಡದೊಳಗೆ ನಿಂತಾಗ ಓದಿದ್ದಕ್ಕೂ ಸಾರ್ಥಕ ಅನ್ನಿಸ್ತು. ಹೊರಗಿಂದ ನೋಡಿದ್ರೆ ಸುಮ್ನೆ ಕಲ್ಲಿನ ಮನೆ, ಚಕ್ರ ಎಲ್ಲಿ ಅಂತ ಹುಡುಕ್ತೀರಾ, ಯಾಕಂದ್ರೆ ಅದು ಒಳಗಡೆ ಇದೆ. ಗಿರಣಿ ನಡೆಸೋ ಮಿಲ್ಲರ್ ನೀರಿನ ಗೇಟ್ ಎತ್ತಿದ ಮೇಲೂ ಒಂದು ಗಳಿಗೆ ಏನೂ ಆಗಲ್ಲ, ಆಮೇಲೆ ಮರ ನರಳೋ ಸದ್ದು, ಕಾಲ್ಕೆಳಗೆ ಹಲಗೆ ನಡುಗೋಕೆ ಶುರು. ಚಕ್ರ ತಿರುಗೋದು ನಿಧಾನ ಕಣ್ರೀ, ಆದ್ರೆ ಒಂದು ಹಲ್ಲಿನ ಚಕ್ರದಿಂದ ಇನ್ನೊಂದಕ್ಕೆ ವೇಗ ಏರ್ತಾ ಏರ್ತಾ ಕಲ್ಲು ತಲುಪೋ ಹೊತ್ತಿಗೆ ನಿಮಿಷಕ್ಕೆ ನೂರರ ಆಸುಪಾಸು ಸುತ್ತು ಬಂದಿರುತ್ತೆ. ಮಿಲ್ಲರ್ ಆಗಾಗ ಕೈ ಚಾಚಿ ಬೀಳ್ತಿರೋ ಹಿಟ್ಟನ್ನ ಹೆಬ್ಬೆರಳು ತೋರುಬೆರಳ ಮಧ್ಯೆ ಉಜ್ಜಿ ನೋಡ್ತಾನೆ, ಬಿಸಿ ಅನ್ಸಿದ್ರೆ, ತರಿ ಜಾಸ್ತಿ ಅನ್ಸಿದ್ರೆ ಮೇಲ್ಗಲ್ಲನ್ನ ಕೂದಲೆಳೆಯಷ್ಟು ಎತ್ತಿ ಇಳಿಸ್ತಾನೆ. ಎರಡು ಕಲ್ಲೂ ಒಂದಕ್ಕೊಂದು ತಾಗಲೇಬಾರ್ದು, ತಾಗಿದ್ರೆ ಕಲ್ಲೂ ಹಾಳು, ಹಿಟ್ಟಿಗೆ ಕಲ್ಲಿನ ಪುಡಿ, ಕಿಡಿ ಹಾರಿದ್ರೆ ಬೆಂಕಿ ಬೇರೆ.

ಇನ್ನ ಆಲಿವರ್ ಇವಾನ್ಸ್ ಅನ್ನೋ ಅಮೆರಿಕದ ಸಂಶೋಧಕ ಮಾಡಿದ ಸಿಸ್ಟಂ. ಬೆಲ್ಟಿಗೆ ಸಾಲಾಗಿ ಪುಟ್ಟ ಪುಟ್ಟ ಬಟ್ಟಲು ಹೊಡೆದು ಕಾಳನ್ನ, ಹಿಟ್ಟನ್ನ ತಾನಾಗೇ ಮಹಡಿಗೆ ಹೊತ್ತೊಯ್ಯೋದು, ಮೇಲೆ ಒಂದು ಕುಂಟೆ ತಿರುಗ್ತಾ ಬಿಸಿ ಹಿಟ್ಟನ್ನ ಹರಡಿ ಆರಿಸೋದು, ಅಲ್ಲಿಂದ ಜರಡಿಗೆ. ಅಮೆರಿಕದ ಮೂರನೇ ಪೇಟೆಂಟು ಅದು, 1790, ಸಹಿ ಹಾಕಿದ್ದು ಅಧ್ಯಕ್ಷ ವಾಷಿಂಗ್ಟನ್ನೇ, ಮಾರನೇ ವರ್ಷ ತನ್ನ ಗಿರಣಿಗೂ ಹಾಕಿಸ್ಕೊಂಡ. ಅಸೆಂಬ್ಲಿ ಲೈನ್ ಅಂತ ಎಲ್ರೂ ಫೋರ್ಡ್ ಕಾರ್ ಹೆಸರು ಹೇಳ್ತಾರೆ, ನೂರು ವರ್ಷಕ್ಕೂ ಮುಂಚೆ ಇಲ್ಲಿ ಹಿಟ್ಟು ಮನುಷ್ಯನ ಕೈ ತಾಗದೆ ಓಡಾಡ್ತಿತ್ತು.

ಬಿಸಿಲುಕುದುರೆ
ಗೇರ್‌ಬಾಕ್ಸ್ ಅವ್ರ ತರ ಎಲ್ರಿಗೂ ಅದೃಷ್ಟ ಇರಲ್ಲ ಸ್ವಾಮಿ. ನಾವು ಹೋಗಿದ್ದು ಇದಕ್ಕಲ್ಲ, ಬೇರೆ ಒಂದು ಮಿಲ್, ಹೆಸರು ಬೇಡ. ಅತ್ತೆ ಮಾವ, ನಾದಿನಿ ಮನೆಯವ್ರು ಎಲ್ಲ ಸೇರಿ ಏಳು ಜನ ಅಂತ ವ್ಯಾನ್ ಬಾಡಿಗೆಗೆ ತಗೊಂಡ್ವಿ, ಬಾಡಿಗೆ, ಟೋಲ್, ಪೆಟ್ರೋಲ್ ಅಂತ ಸಿಕ್ಕಾಪಟ್ಟೆ ಖರ್ಚಾಯ್ತು. ಹೋಗಿ ನೋಡಿದ್ರೆ ಮಳೆ ಇಲ್ದೆ ಕೆರೆ ಇಳಿದಿದೆ, ಕಾಲುವೆಯಲ್ಲಿ ನೀರಿಲ್ಲ, ಇವತ್ತು ಚಕ್ರ ಓಡಿಸಲ್ಲ ಅಂದ್ರು. ಟಿಕೆಟ್ ಕೊಡೋ ಮುಂಚೆ ಹೇಳ್ಲಿಲ್ಲ, ಹರಿದ ಮೇಲೆ ಹೇಳಿದ್ದು. ನಿಂತ ಚಕ್ರದ ಮುಂದೆ ಫೋಟೋ ತಕ್ಕೊಂಡ್ ಬಂದ್ವಿ. ನಾದಿನಿ ಈಗ್ಲೂ ಯಾವ್ದಾದ್ರೂ ಟ್ರಿಪ್ ಮಾತು ಬಂದ್ರೆ "ಅಲ್ಲಿ ನೀರಿದ್ಯಾ ಕೇಳು ಅತ್ತಿಗೆ" ಅಂತಾಳೆ. ಫೋನ್ ಮಾಡಿ ಇವತ್ತು ಬೀಸ್ತಾರಾ ಅಂತ ಕೇಳ್ದೆ ಯಾರೂ ಮನೆ ಬಿಡ್ಬೇಡಿ. ಓಪನ್ ಅಂದ ಮಾತ್ರಕ್ಕೆ ಬೀಸ್ತಾರೆ ಅಂತಲ್ಲ.

ಹಳೇಕಲ್ಲು
ಮಲ್ಲಿಗೆ ಅವ್ರ, ಒಂದ್ ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನೀವು ನೋಡಾಕ ಹೊಂಟಿದ್ದು ವಾಷಿಂಗ್ಟನ್ನನ ಗಿರಣಿ ಅಲ್ರಿ. ಅಂವ ಕಟ್ಟಿಸಿದ್ದು 1771ರಾಗ ಮುಗೀತು, 1850ರ ಸುಮಾರಿಗೆ ಕೆಡವಿ ಹಾಕ್ಯಾರ. ಈಗ ಇರೋದು 1932-33ರಾಗ ವರ್ಜೀನಿಯಾ ಸರ್ಕಾರದವ್ರು ಹಳೇ ಪಾಯದ ಮ್ಯಾಲೆ ಕಟ್ಟಿದ್ದು. ಒಳಗಿನ ಯಂತ್ರ ಅಂತೂ ಫ್ರಂಟ್ ರಾಯಲ್ ಅನ್ನೂ ಊರ ಕಡೆ ಒಂದು ಬ್ಯಾರೇ ಗಿರಣಿಯಿಂದ ತಂದದ್ದು. ಖರೇ ಹಳೇದು ಬೇಕಂದ್ರ ವರ್ಜೀನಿಯಾದ ಗ್ರೇಟ್ ಫಾಲ್ಸ್ ಹತ್ರ ಕೊಲ್ವಿನ್ ರನ್ ಅನ್ನೂ ಗಿರಣಿಗೆ ಹೋಗ್ರಿ, 1811ರ ಸುಮಾರಿನ ಇಟ್ಟಂಗಿ ಕಟ್ಟಡ, ಚಕ್ರ ಹೊರಗ ಕಣ್ಣಿಗೆ ಕಾಣೂಹಂಗ ಐತಿ. ನಾ ಅಲ್ಲಿ ವಾಲಂಟಿಯರ್ ಮಾಡೀನಿ, ಅದಕ್ಕ ಹೇಳಾಕತ್ತೀನಿ. ಡುಪ್ಲಿಕೇಟ್ ಮುಂದ ನಿಂತು ಸಾರ್ಥಕ ಆತು ಅನ್ನೋರಿಗೆ ಏನ್ ಹೇಳೂಣು.

ಗೇರ್‌ಬಾಕ್ಸ್
ಡುಪ್ಲಿಕೇಟಾ? ಕೊಲ್ವಿನ್ ರನ್ ಚಕ್ರ 1811ರದ್ದಾ ಸಾರ್? ಮರದ ಚಕ್ರ ಅಬ್ಬಬ್ಬಾ ಅಂದ್ರೆ ಇಪ್ಪತ್ತು ವರ್ಷ ಬಾಳುತ್ತೆ, ಆಮೇಲೆ ಕೊಳೆಯುತ್ತೆ. ಓಡದೆ ನಿಲ್ಲಿಸಿದ್ರೆ ಇನ್ನೂ ಬೇಗ, ಕೆಳಗಿನ ಅರ್ಧ ನೆನೆದು ಭಾರ ಆಗಿ, ಮೇಲಿನ ಅರ್ಧ ಒಣಗಿ ಬಿರಿದು, ಮತ್ತೆ ಓಡಿಸಿದಾಗ ತೂಕ ತಪ್ಪಿ ಒದರುತ್ತೆ. ನಿಮ್ಮ ಕೊಲ್ವಿನ್ ರನ್ ಕೂಡ ರಿಪೇರಿ ಮಾಡಿ ಜನಕ್ಕೆ ತೆರೆದಿದ್ದು 1972ರಲ್ಲಿ. ಡಿಸಿಯ ರಾಕ್ ಕ್ರೀಕ್ ಪಾರ್ಕಲ್ಲಿ ಪಿಯರ್ಸ್ ಮಿಲ್ ಇದೆ, 1820ರ ದಶಕದ್ದು, ಒರಿಜಿನಲ್ ಗೋಡೆ, 1993ರಲ್ಲಿ ಚಕ್ರ, ಅದ್ರ ಅಚ್ಚಿನ ದಿಂಡು ಕೈ ಕೊಟ್ಟು ನಿಂತಿದ್ದು 2011ರವರೆಗೆ ನಿಂತೇ ಇತ್ತು. ಒರಿಜಿನಲ್ ಅಂತ ಮುಟ್ಟದೆ ಇಟ್ಕೊಂಡಿದ್ರೆ ಇವತ್ತಿಗೂ ನಿಂತಿರ್ತಿತ್ತು. ಓಡೋದು ಮುಖ್ಯ.

ಹಿಟ್ಟು_ಹುಚ್ಚಿ
ನೀವಿಬ್ರೂ ಚಕ್ರಕ್ಕೆ ಹೊಡ್ಕೊಳ್ಳಿ, ಹಿಟ್ಟಿನ ವಿಷ್ಯ ಯಾರೂ ಎತ್ತಲಿಲ್ಲ. ಮಿಲ್ಲಿನ ಅಂಗಡೀಲಿ ಅಲ್ಲೇ ಬೀಸಿದ ಹಿಟ್ಟು ಕಂಡು ನನಗೆ ತಡ್ಯಕ್ಕಾಗ್ಲಿಲ್ಲ, ಗೋಧಿ ಹಿಟ್ಟು, ಮೆಕ್ಕೆಜೋಳದ ಹಿಟ್ಟು, ನುಚ್ಚು ಎಲ್ಲ ಸೇರಿ ಎರಡು ಚೀಲ ತುಂಬ. ನಮ್ಮನೆಯವ್ರು ಜುಲೈ ಬಿಸಿಲಲ್ಲಿ ಅದನ್ನ ಟ್ರಂಕಲ್ಲೇ ಬಿಟ್ಟು ಇನ್ನೊಂದು ಊರು ಸುತ್ತಿಸಿದ್ರು. ವಾರ ಕಳೆದು ಜೋಳದ ಹಿಟ್ಟು ತೆಗೆದ್ರೆ ಕಮಟು ವಾಸನೆ, ಹಳೇ ಎಣ್ಣೆ ಡಬ್ಬಿ ಮುಚ್ಚಳ ತೆಗೆದಂಗೆ. ಕಲ್ಲಲ್ಲಿ ಬೀಸಿದ್ರೆ ಕಾಳಿನ ಮೊಳಕೆ ಭಾಗದ ಎಣ್ಣೆ ಹಿಟ್ಟಲ್ಲೇ ಉಳಿಯುತ್ತೆ, ರುಚಿ ಅದ್ರದ್ದೇ, ಕೆಡೋದೂ ಅದ್ರಿಂದಲೇ. ಸೀದಾ ಫ್ರೀಜರ್‌ಗೆ ಹಾಕ್ಬೇಕು, ಕಾರಲ್ಲಿ ಐಸ್ ಡಬ್ಬ ಇದ್ರೆ ಮಾತ್ರ ಕೊಳ್ಳಿ. ಗೋಧಿ ಹಿಟ್ಟಿನ ಚಪಾತಿ ಉಬ್ಬಲೂ ಇಲ್ಲ, ಲಟ್ಟಣಿಗೆ ಇಟ್ರೆ ಅಂಚೆಲ್ಲ ಒಡ್ಕೊಂಡು ಹೋಯ್ತು.

ಬಿಸಿಲುಕುದುರೆ
ಉಬ್ಬಲ್ಲ ಬಿಡಿ, ಅದು ಮೆತ್ತನೆ ಗೋಧಿ ಇದ್ದಿರ್ಬೇಕು, ಬಿಸ್ಕೆಟ್ಟಿಗೆ ಸರಿ. ಹಿಟ್ಟನ್ನ ಬೈಬೇಡಿ.

ಹಿಟ್ಟು_ಹುಚ್ಚಿ
ನಾನು ಹಿಟ್ಟನ್ನ ಬೈದಿಲ್ಲ, ಗಂಡನ್ನ ಬೈದಿದ್ದು. ಸರಿಯಾಗಿ ಓದಿ.

ಮಲ್ಲಿಗೆ_ವಿಎ
ಎಲ್ರಿಗೂ ಥ್ಯಾಂಕ್ಸ್ 🙏 ಅಪ್ಪನ ಮಂಡಿ ಬಗ್ಗೆ ಯಾರಾದ್ರೂ ಹೇಳ್ತೀರಾ? ಮೆಟ್ಟಿಲು ಎಷ್ಟು ಹತ್ತಬೇಕು? ಎಸ್ಟೇಟೂ ಗಿರಣಿಯೂ ಒಂದೇ ದಿನ ಆಗುತ್ತಾ?

ಸುಮ್ನೆ_ಒಬ್ಬ
ಗಿರಣಿ ಎಸ್ಟೇಟ್ ಒಳಗಿಲ್ಲ ಮೇಡಂ, ಮೂರು ಮೈಲಿ ಆಚೆ, 235 ರಸ್ತೇಲಿ. ಒಂದೇ ದಿನ ಮಾಡ್ಬೋದು, ಯಜಮಾನ್ರಿಗೆ ಸುಸ್ತಾಗುತ್ತೆ. ವರ್ಷವೆಲ್ಲ ತೆರೆದಿರಲ್ಲ, ಏಪ್ರಿಲ್‌ನಿಂದ ಅಕ್ಟೋಬರ್ ಕಡೆಗೆ, ಯಾವ ವಾರ ಅಂತ ಹೊರಡೋ ಮುಂಚೆ ನೋಡ್ಕೊಳ್ಳಿ. ಮೆಟ್ಟಿಲು ಯಾವ ಹಳೇ ಗಿರಣಿಗೆ ಹೋದ್ರೂ ಕಡಿದಾದದ್ದೇ, ಕಾಳು ಮೇಲಿಂದ ಕೆಳಗೆ ತಾನಾಗೇ ಬೀಳ್ಬೇಕು ಅಂತ ಮಹಡಿ ಮೇಲೆ ಮಹಡಿ ಕಟ್ತಿದ್ರು. ಕಲ್ಲಿರೋ ಅಂತಸ್ತು ನೋಡಿದ್ರೆ ಮುಕ್ಕಾಲು ಪಾಲು ಗಿರಣಿ ನೋಡಿದಂಗೆ, ಮೇಲಿಂದು ಮಗು ನೋಡ್ಕೊಂಡ್ ಬರ್ಲಿ.

ಆದ್ರೆ ನನಗೆ ತಲೆ ಕೆಟ್ಟಿದ್ದು ಬೇರೆ ವಿಷ್ಯಕ್ಕೆ. ಇಲ್ಲಿ ಇಷ್ಟುದ್ದ ಬರೆದವ್ರಲ್ಲಿ ಒಬ್ರೂ ಗುಲಾಮರ ಹೆಸರೆತ್ತಲಿಲ್ಲ. ಪಕ್ಕದಲ್ಲೇ ಡಿಸ್ಟಿಲರಿ, ಅಂದ್ರೆ ವಿಸ್ಕಿ ಭಟ್ಟಿ ಇದೆ, ವಾಷಿಂಗ್ಟನ್ 1797ರಲ್ಲಿ ಶುರು ಮಾಡಿದ್ದು, 1799ರಲ್ಲಿ ಹತ್ರ ಹತ್ರ 11,000 ಗ್ಯಾಲನ್ ವಿಸ್ಕಿ. ಅವನ ಮ್ಯಾನೇಜರ್ ಆಂಡರ್ಸನ್ ಹೆಸರು ಎಲ್ಲ ಕಡೆ ಕೇಳಿಸುತ್ತೆ. ಭಟ್ಟಿ ಮುಂದೆ ನಿಂತು ಬೇಯಿಸಿದ್ದು ಆರು ಜನ ಗುಲಾಮರು. ಪೀಪಾಯಿ ಮಾಡಿದವ್ರೂ ಅವ್ರೇ. ಕೈ ತಾಗದೆ ಹಿಟ್ಟು ಓಡಾಡ್ತಿತ್ತಂತೆ. ಚೀಲ ಹೊತ್ತಿದ್ದು ಯಾರ ಬೆನ್ನು?

ಗೇರ್‌ಬಾಕ್ಸ್
ನಾನು ಯಂತ್ರದ ಬಗ್ಗೆ ಬರೆದೆ ಸಾರ್, ಎಲ್ಲಾನೂ ನಾನೇ ಬರೀಬೇಕು ಅಂದ್ರೆ ಹೇಗೆ. ಪಾಪ ಅವ್ರು ಕೇಳಿದ್ದು ಮಂಡಿ ನೋವಿಗೆ.

ಸುಮ್ನೆ_ಒಬ್ಬ
ಮಂಡಿ ನೋವಿಗೆ ನಾನು ಉತ್ತರ ಕೊಟ್ಟೆ. ನೀವು ಕೊಟ್ರಾ? ಏಳು ವರ್ಷದ ಹುಡುಗ ಬರ್ತಿದಾನೆ, ವಿಸ್ಕಿ ಪಕ್ಕದಲ್ಲಿ ನಿಂತು ಇದನ್ನ ಕೇಳಿಯೇ ಕೇಳ್ತಾನೆ, ದೊಡ್ಡವ್ರಿಗೆ ಉತ್ತರ ಗೊತ್ತಿರ್ಬೇಕು. ಹೋದಾಗ ಗೈಡ್ ಹತ್ರ ಬಾಯ್ಬಿಟ್ಟು ಕೇಳಿ.

ಹಳೇಕಲ್ಲು
ಡಿಸ್ಟಿಲರಿನೂ ಸುಟ್ಟದ್ದು 1814ರಾಗ, ಮತ್ತ ಕಟ್ಟಿದ್ದು 2007ರಾಗ. ಅದೂ ಹೊಸಾದು. ಹೇಳಿಬಿಟ್ಟೆ.

ಬಿಸಿಲುಕುದುರೆ
ಸಾಕು ಬಿಡಿ ಮಾರಾಯ್ರೇ, ಯಾವ್ದು ಎಷ್ಟರಲ್ಲಿ ಕಟ್ಟಿದ್ದು ಅಂತ ಪರೀಕ್ಷೆಗೆ ಕೂರಬೇಕಾ. ಮಲ್ಲಿಗೆ, ಮಗಂಗೆ ಕಿವಿಗೆ ಏನಾದ್ರೂ ತಗೊಂಡ್ ಹೋಗಿ, ಒಳಗೆ ಸದ್ದು ಜೋರು, ಕಾಳು ಸುರಿಯೋ ಹಾಪರ್ ಕೆಳಗಿನ ತಟ್ಟೆ ಒಂದೇ ಸಮ ಕಟಕಟ ಅಂತಿರುತ್ತೆ. ಆಸ್ತಮಾ ಇರೋರು ಬೀಸೋ ಟೈಮಲ್ಲಿ ಹೊರಗೆ ನಿಲ್ಲೋದು ಒಳ್ಳೇದು, ಧೂಳು ಮೂಗಿಗೆ ಹತ್ತುತ್ತೆ. ನನ್ನ ನಾದಿನಿ ಗಂಡ ನಿಂತ ಗಿರಣೀಲೂ ಸೀನಿದ್ದ, ಅದು ಬೇರೆ ಕತೆ.

ಗೇರ್‌ಬಾಕ್ಸ್
ಇನ್ನೊಂದು ವಿಷ್ಯ ಹೇಳಿ ಹೋಗ್ತೀನಿ. ಯಾವ ಗಿರಣಿಗೆ ಹೋದ್ರೂ ನೀರು ಚಕ್ರದ ಮೇಲಿಂದ ಬೀಳುತ್ತಾ, ಕೆಳಗಿಂದ ತಳ್ಳುತ್ತಾ ನೋಡಿ. ಜಾನ್ ಸ್ಮೀಟನ್ ಅನ್ನೋ ಇಂಗ್ಲಿಷ್ ಎಂಜಿನಿಯರ್ 1759ರಲ್ಲೇ ಮಾದರಿ ಚಕ್ರ ಇಟ್ಟು ಅಳೆದು ತೋರಿಸಿದ, ಮೇಲಿಂದ ಬಿದ್ರೆ ಸುಮಾರು ಎರಡು ಪಟ್ಟು ಕೆಲಸ. ಅಪ್ಪನವ್ರಿಗೆ ಇಂಥದ್ರಲ್ಲಿ ಆಸಕ್ತಿ ಇದ್ರೆ ಕೂತು ಮಾತಾಡೋಕೆ ಚೆನ್ನಾಗಿರುತ್ತೆ.

ಹಳೇಕಲ್ಲು
ಕೊಲ್ವಿನ್ ರನ್‌ದಾಗ ಮೇಲಿಂದನ ಬೀಳ್ತದ್ರಿ. ಹೊರಗ ನಿಂತು ನೋಡಬಹುದು. ಮೆಟ್ಟಿಲಾ ಹತ್ತೂದು ಬ್ಯಾಡ.

ಗೇರ್‌ಬಾಕ್ಸ್
ಬೀಸೋದು ಕೆಲವು ಭಾನುವಾರ ಮಾತ್ರ ಅನ್ನೋದನ್ನೂ ಹೇಳಿ ಸಾರ್, ವಾಲಂಟಿಯರ್ ಅಲ್ವಾ ನೀವು.