ಸಹಾಯ ಬೇಕು: ಏಜೆಂಟ್ ಇಲ್ಲದೆ ನೇರವಾಗಿ ಮನೆ ಕೊಳ್ಳುತ್ತಿದ್ದೇವೆ

ಎಲ್ಲರಿಗೂ ನಮಸ್ಕಾರ. ನಾವು ಬಾಡಿಗೆಗಿರುವ ಮನೆಯನ್ನೇ ಮಾಲೀಕರು ಮಾರುತ್ತಿದ್ದಾರೆ. "ನೀವೇ ತಗೊಳ್ಳಿ, ಮಧ್ಯೆ ಯಾರೂ ಬೇಡ" ಅಂದರು. ಕಮಿಷನ್ ಉಳಿಯುತ್ತದೆ, ಮನೆಯೂ ಗೊತ್ತಿರುವುದೇ. ಮಳೆಗಾಲದಲ್ಲಿ ಹಿಂದಿನ ಕೋಣೆಯ ಕಿಟಕಿ ಮೇಲೆ ಅಂಗೈ ಅಗಲ ತೇವ ಏಳುತ್ತದೆ, ಅದೂ ಗೊತ್ತು. ನಮಗೆ ಈ ಮನೆ ತುಂಬಾ ಇಷ್ಟ.

ಭಯ ಇರುವುದು ಕಾಗದಪತ್ರದ್ದೇ. ಕ್ರಯಪತ್ರದ ನಕಲು ತೋರಿಸಿದರು. ಅದರಲ್ಲಿ ಎರಡು ಹೆಸರಿದೆ, ಅವರದ್ದು ಮತ್ತು ಅವರ ತಂಗಿಯದ್ದು. ತಂಗಿ ದೂರದಲ್ಲಿದ್ದಾರೆ, "ಆಮೇಲೆ ಸಹಿ ಹಾಕ್ತಾಳೆ" ಅನ್ನುತ್ತಾರೆ. ತಂಗಿಯ ಸಹಿ ಇಲ್ಲದ ಒಪ್ಪಂದಕ್ಕೆ ಈಗಲೇ ಮುಂಗಡ ಕೊಡಬಹುದಾ? ನನಗಂತೂ ಸರಿ ಅನಿಸುತ್ತಿಲ್ಲ. ಮೂಲ ಪತ್ರಗಳು ಬ್ಯಾಂಕಿನಲ್ಲಿವೆ, ಮಾಲೀಕರ ಸಾಲ ಇನ್ನೂ ಬಾಕಿ ಇದೆ. ಆ ಬಾಕಿಯನ್ನು ಅವರ ಕೈಗೆ ಕೊಡದೆ ನೇರ ಬ್ಯಾಂಕಿಗೇ ಕಟ್ಟಿದವರು ಯಾರಾದರೂ ಇದ್ದೀರಾ? ಹೇಗೆ ಮಾಡಿದಿರಿ?

ನಮ್ಮ ಸಾಲ ಮಂಜೂರಾಗದಿದ್ದರೆ ಮುಂಗಡ ವಾಪಸ್ ಅಂತ ಒಪ್ಪಂದದಲ್ಲೇ ಬರೆಸಬೇಕು ಅಂದುಕೊಂಡಿದ್ದೇನೆ. ಅವರು ತಮ್ಮ ವಕೀಲರೇ ಸಾಕು, ಸುಮ್ನೆ ಖರ್ಚು ಯಾಕೆ ಅಂತಾರೆ. ನಮಗೆ ಬೇರೆ ವಕೀಲರು ಬೇಕೇ ಬೇಕು ಅಲ್ವಾ?

ಇನ್ನೊಂದು, ಬೆಲೆ. ಬ್ಯಾಂಕಿನವರು ಮಾಡುವ ಮೌಲ್ಯಮಾಪನ ತಾವು ಕೊಡುವ ಸಾಲದ ಭದ್ರತೆಗೆ, ಮನೆಯ ದೋಷ ಹುಡುಕಲು ಅಲ್ಲ. ಗೋಡೆ, ಛಾವಣಿ, ಪೈಪು ನೋಡಲು ಬೇರೆ ಎಂಜಿನಿಯರ್ ಕರೆಸಿದವರಿದ್ದರೆ, ಆ ವರದಿ ಇಟ್ಟುಕೊಂಡು ಬೆಲೆ ಇಳಿಸಲು ಆಯಿತಾ ಹೇಳಿ.

ಮಾಲೀಕರು ಒಳ್ಳೆಯವರು, ಸಂಬಂಧ ಕೆಡಬಾರದು. ಸೋಮವಾರದೊಳಗೆ ನಾವು ಅವರಿಗೆ ಉತ್ತರ ಕೊಡಬೇಕು. ಅನುಭವ ಇದ್ದವರು ದಯವಿಟ್ಟು ಬರೆಯಿರಿ.