ಈ ವಾರದ ಸಮಸ್ಯೆ: ಗಂಡೇ ಹಡೆಯಿತು ಮರಿಗಳನು

ಬಳ್ಳಾರಿಯಿಂದ ಎಲ್ಲರಿಗೂ ನಮಸ್ಕಾರ. ಸಾಲು ಮೇಲಿದೆ. ಅದೇ ಕೊನೆಯ ಸಾಲಾಗಿ, ಆಗದ ಮಾತು ಆಗುವಂತೆ ಅರ್ಥ ಹೊಂದಿಸಿ ಚೌಪದಿ (ನಾಲ್ಕು ಸಾಲಿನ ಪದ್ಯ) ಬರೆಯಿರಿ. ನಾಲ್ಕು ಮಾತ್ರೆಯ ಗಣ (ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೂ ಸೊನ್ನೆ ಅಥವಾ ಒತ್ತಕ್ಷರದ ಹಿಂದಿನದಕ್ಕೂ ಎರಡು), ಪ್ರತಿ ಸಾಲಿನ ಎರಡನೇ ಅಕ್ಷರ ‘ಡ’, ಅದರ ಹಿಂದೆ ಸೊನ್ನೆ. ‘ಕನಸಲ್ಲಿ ಕಂಡೆ’, ‘ನಾಟಕದ ವೇಷ’ ಅಂತ ಜಾರಿಕೊಳ್ಳುವ ಹಾಗಿಲ್ಲ. ಅದನ್ನು ನೋಡಿ ನೋಡಿ ಸಾಕಾಗಿದೆ.

ಸಿಂಧನೂರಿನ ಮೇಷ್ಟ್ರು:

ದಂಡೆಗೆ ಬಾರದ ಕಡಲಿನ ಕುದುರೆಯ
ಹೆಂಡತಿ ತಿರುಗಲು ಹಾಯಾಗಿ
ಅಂಡವ ಚೀಲದಿ ಹೊತ್ತೇ ಬಳಲಿದ
ಗಂಡೇ ಹಡೆಯಿತು ಮರಿಗಳನು

ಕಂಪ್ಲಿಯ ತಮ್ಮ: ಮೇಷ್ಟ್ರೇ, ನಮಗೆ ತುಂಗಭದ್ರಾ ಡ್ಯಾಮಿನ ನೀರೇ ಸಮುದ್ರ. ಇದು ನಿಜಾನಾ, ಸುಮ್ನೆ ಹೊಸೆದದ್ದಾ?

ಮೇಷ್ಟ್ರು: ನಿಜ ಕಣಪ್ಪಾ. ಹೆಸರಿಗೆ ಕುದುರೆ, ಜಾತಿಯಲ್ಲಿ ಮೀನು. ಹೆಣ್ಣು ತನ್ನ ಮೊಟ್ಟೆಗಳನ್ನು ಗಂಡಿನ ಹೊಟ್ಟೆಯ ಮುಂದಿನ ಚೀಲಕ್ಕೆ ಇಳಿಸಿ ಹೋಗುತ್ತದೆ. ಅಲ್ಲೇ ಫಲ ಕಟ್ಟುತ್ತವೆ, ಮರಿಗಳಿಗೆ ಆಮ್ಲಜನಕವೂ ಅಲ್ಲೇ ಸಿಗುತ್ತದೆ. ದಿನ ತುಂಬಿದಾಗ ಗಂಡು ಮೈ ಮುದುಡಿ ಮುದುಡಿ ಮರಿಗಳನ್ನು ಚಿಮ್ಮಿಸುತ್ತದೆ. ನೂರಾರು! ಕೆಲವು ಜಾತಿಗಳಲ್ಲಿ ಸಾವಿರ ದಾಟುವುದೂ ಉಂಟು.

ರಾಯಚೂರಿನ ಅಕ್ಕ: ಮೀನು ಯಾಕೆ? ಮಹಾಭಾರತದ ವನಪರ್ವದಲ್ಲೇ ಬಸಿರಾದ ರಾಜ ಇದ್ದಾನಲ್ಲ, ಯುವನಾಶ್ವ.

ಹೆಂಡತಿಗಿರಿಸಿದ ಮಂತ್ರದ ನೀರನು
ಕಂಡವ ಕುಡಿದನು ಬಾಯಾರಿ
ತುಂಡಾಯಿತು ಎಡ ಪಕ್ಕೆಯು, ಕಡೆಗೂ
ಗಂಡೇ ಹಡೆಯಿತು ಮರಿಗಳನು

ನಾನು: ಅಕ್ಕಾ, ಪಕ್ಕೆ ಸೀಳಿ ಬಂದವನು ಮಗ ಮಾಂಧಾತ ಒಬ್ಬನೇ. ‘ಮರಿಗಳನು’ ಅಂದರೆ ಉಳಿದವರೆಲ್ಲಿ? ಕಥೆಗೆ ಪೂರ್ತಿ ಅಂಕ, ಬಹುವಚನಕ್ಕೆ ಸೊನ್ನೆ.

ಕಂಪ್ಲಿಯ ತಮ್ಮ: ನಾನು ಗಂಡಭೇರುಂಡ ಹಿಡಿದೆ. ಪ್ರಾಸ ತಾನಾಗೇ ಬರುತ್ತೆ ಅಲ್ವಾ?

ನಾನು: ಪ್ರಾಸ ಬರುತ್ತೆ, ಗಣ ಮುರಿಯುತ್ತೆ. ‘ಗಂಡಭೇ’ ಅಂದರೆ ಐದು ಮಾತ್ರೆ, ‘ರುಂಡ’ ಮೂರು. ವಿಜಯನಗರದ ಅರಸ ಅಚ್ಯುತರಾಯನ ನಾಣ್ಯದಲ್ಲಿ ಅದೇ ಹಕ್ಕಿ ಆನೆಗಳನ್ನು ಎತ್ತಿಕೊಂಡು ನಿಂತಿದೆ, ನಮ್ಮ ಚೌಪದಿಗೆ ಮಾತ್ರ ಬಗ್ಗಲ್ಲ.

ಕಂಪ್ಲಿಯ ತಮ್ಮ: ಹಾಗಾದ್ರೆ ಕ್ಲೌನ್ ಮೀನು? ಗುಂಪಿನ ಯಜಮಾನಿ ಸತ್ತರೆ ದೊಡ್ಡ ಗಂಡೇ ಹೆಣ್ಣಾಗುತ್ತೆ.

ಮೇಷ್ಟ್ರು: ಮೊಟ್ಟೆ ಇಡುವ ಹೊತ್ತಿಗೆ ಅದು ಹೆಣ್ಣೇ ಆಗಿರುತ್ತಲ್ಲ ತಮ್ಮಾ! ಸಮಸ್ಯೆಯೇ ಕರಗಿ ಹೋಯಿತು.

ಗಂಗಾವತಿಯ ಅಕ್ಕ: ನನ್ನದು ಹೊಳೆ ದಾಟಿ ಹಂಪಿಯಲ್ಲಿ ಹುಟ್ಟಿದ್ದು. ವಿಠ್ಠಲ ಗುಡಿಯ ಕಂಬಗಳ ಯಾಳಿಗಳನ್ನು (ಸಿಂಹದ ಮೈಯ ಕಲ್ಪನೆಯ ಪ್ರಾಣಿಗಳು) ನೋಡುತ್ತಾ ಹೊಳೆಯಿತು.

ಸೊಂಡಿಲು ಬೆಳೆದಿಹ ಸಿಂಗದ ಹಿಂಡಲಿ
ಕಂಡಿಲ್ಲೊಂದೂ ಹೆಣ್ಣನ್ನು
ದಂಡೇ ನಿಂತಿದೆ ಹೇಗೋ? ಸರಿ ಬಿಡಿ,
ಗಂಡೇ ಹಡೆಯಿತು ಮರಿಗಳನು!

ನಾನು: ನಕ್ಕು ನಕ್ಕು ಸಾಕಾಯಿತು. ಆದರೆ ‘ಸರಿ ಬಿಡಿ’ ಅಂದರೆ ಕೈ ಚೆಲ್ಲಿದ ಹಾಗೆ. ಇದೂ ‘ಕನಸಲ್ಲಿ ಕಂಡೆ’ಯ ತಂಗಿಯೇ.

ಮೇಷ್ಟ್ರು: ಅಕ್ಕಾರೇ, ಕಲ್ಲಿನ ಪ್ರಾಣಿಗೆ ಹೆಣ್ಣು ಯಾಕೆ ಹುಡುಕುತ್ತೀರಿ? ಕಡೆದ ಶಿಲ್ಪಿಯನ್ನು ಕರೆತನ್ನಿ, ಪೂರಣ (ಸಮಸ್ಯೆ ಬಿಡಿಸಿದ ಪದ್ಯ) ಗಟ್ಟಿಯಾಗುತ್ತೆ.

ಗಂಗಾವತಿಯ ಅಕ್ಕ: ಅಯ್ಯೋ, ಅವನು ಅಲ್ಲೇ ಇದ್ದನಲ್ಲ! ಮೂರನೇ ಸಾಲು ಬದಲಿಸಿದೆ, ನೋಡಿ:

ಬಂಡೆಯ ಬಸಿರಿಗೆ ಉಳಿಯನು ಹೂಡಿದ
ಗಂಡೇ ಹಡೆಯಿತು ಮರಿಗಳನು

ನಾನು: ನನ್ನ ಓಟು ಇದಕ್ಕೇ. ಕಡಲ ಕುದುರೆಗೆ ಎರಡನೇ ಸ್ಥಾನ, ಮೇಷ್ಟ್ರು ಬೇಜಾರಾಗಬಾರದು. ತಮ್ಮಾ, ಗಂಡಭೇರುಂಡ ಕೂರುವಂಥ ಐದು ಮಾತ್ರೆಯ ಸಾಲನ್ನು ಮುಂದಿನ ವಾರಕ್ಕೆ ನೀನೇ ಕೊಡು.